ಗೇಟು ಮುಚ್ಚುವ ಮುಂಚೆ ನಮ್ಮನ್ನೂ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಮಂಡ್ಯದ ಹಿರಿಯರೊಬ್ಬರು ಒಂದು ಸಲಹೆ ಕೊಟ್ಟಿದ್ದರು. ಬಂದ್, ನೆರೆ, ಗಲಾಟೆ, ರೋಗ ಏನೇ ಬರಲಿ, ಅಂಥ ದಿನಗಳಲ್ಲಿ ಕಾರ್ಖಾನೆಯವರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕರೆಯಲೇಬಾರದು, ಅವರು ಮನೆಯಲ್ಲಿದ್ದರೆ ಎಲ್ಲರಿಗೂ ನೆಮ್ಮದಿ ಎಂದು ಬರೆದಿದ್ದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ನಮ್ಮಪ್ಪ ಬದುಕಿದ್ದರೆ ಅವರೂ ಅದೇ ಮಾತು ಹೇಳುತ್ತಿದ್ದರು. ಆದರೆ ಇಷ್ಟು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದ ನನಗೆ ಕಂಡಿರುವುದೇ ಬೇರೆ. ಕಷ್ಟದ ದಿನಗಳಲ್ಲಿ ಮನೆಯಲ್ಲಿರಿ ಎಂದಾಗ ನಮ್ಮ ಕೆಲಸ ಹೋಯಿತು. ಬನ್ನಿ ಎಂದಾಗ ಹೇಗೆ ಬರುತ್ತೀರಿ, ಹೇಗೆ ಹೋಗುತ್ತೀರಿ ಎಂದು ಯಾರೂ ಕೇಳಲಿಲ್ಲ. ಎರಡೂ ಸಲ ತೀರ್ಮಾನ ಮಾಡಿದ ಕೋಣೆಯಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಅದನ್ನು ಹೇಳಬೇಕೆಂದೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಪಾಂಡವಪುರ ತಾಲ್ಲೂಕಿನವಳು. ಚಿಕ್ಕ ಮಗ ಅಂಗನವಾಡಿಗೆ ಹೋಗುವ ಹಾಗಾದ ಮೇಲೆ ಹೆದ್ದಾರಿ ಪಕ್ಕದ ಒಂದು ಗಾರ್ಮೆಂಟ್ಸ್‌ಗೆ ಹೆಲ್ಪರ್ ಆಗಿ ಸೇರಿದೆ. ನೂಲು ಕತ್ತರಿಸುವುದು, ಬಂಡಲ್ ಎತ್ತಿ ಮುಂದಿನ ಮೆಷಿನ್ನಿಗೆ ಕೊಡುವುದು. ಆಮೇಲೆ ಕಾಲರ್ ಕೂರಿಸುವ ಟೈಲರ್ ಆದೆ. ಕುತ್ತಿಗೆ ನೋವು ಜಾಸ್ತಿಯಾದ ಮೇಲೆ ಚೆಕಿಂಗ್ ಟೇಬಲ್ಲಿಗೆ ಹಾಕಿದ್ದಾರೆ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿ ಕೆಲಸಗಾರರ ಕಡೆಯಿಂದ ನಾನೂ ಒಬ್ಬ ಸದಸ್ಯೆ. ನಮ್ಮ ಫ್ಲೋರಿನಲ್ಲಿ ಮೆಷಿನ್ ಮುಂದೆ ಕೂತವರು ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು. ಹಿಂದೆ ನಿಂತು ಟಾರ್ಗೆಟ್ ಕೂಗುವವರು ಹೆಚ್ಚುಕಮ್ಮಿ ಎಲ್ಲರೂ ಗಂಡಸರು. ಮಾಮೂಲಿ ದಿನಗಳಲ್ಲಿ ಇದು ಹೇಗೋ ಸಾಗುತ್ತದೆ. ಊರಿಗೆ ಕಷ್ಟ ಬಂದ ದಿನವೇ ಇದರ ನಿಜವಾದ ಭಾರ ನಮ್ಮ ಮೇಲೆ ಬೀಳುವುದು.

ಮಂಡ್ಯ ಜಿಲ್ಲೆಯವರಿಗೆ ಕಷ್ಟದ ದಿನ ಎಂದರೆ ಮೊದಲು ನೆನಪಾಗುವುದು ಕಾವೇರಿ. 2016ರ ಸೆಪ್ಟೆಂಬರ್ 12, ಸೋಮವಾರ. ಸುಪ್ರೀಂ ಕೋರ್ಟಿನ ಆದೇಶ ಬಂದು ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳಿಗೆ ಬೆಂಕಿ ಬಿದ್ದ ದಿನ. ನಮ್ಮ ಕಡೆ ರೈತರು ಅದಕ್ಕೂ ಮುಂಚಿನಿಂದಲೇ ರಸ್ತೆಯಲ್ಲಿದ್ದರು. ಆ ಹೋರಾಟ ನಮ್ಮದೂ ಹೌದು, ನಮ್ಮ ಮನೆಯ ಗದ್ದೆಗೂ ನಾಲೆ ನೀರೇ ಗತಿ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವತ್ತು ಮಧ್ಯಾಹ್ನದ ಮೇಲೆ ಟಿವಿಯಲ್ಲಿ ಸುದ್ದಿ ನೋಡಿದ ನಮ್ಮ ಮ್ಯಾನೇಜ್‌ಮೆಂಟ್ ಇದ್ದಕ್ಕಿದ್ದಂತೆ ಮೆಷಿನ್ ಆಫ್ ಮಾಡಿಸಿ ಎಲ್ಲರೂ ಹೊರಡಿ ಎಂದಿತು. ಕಾರ್ಖಾನೆಗೆ ಕಲ್ಲು ಬಿದ್ದೀತು ಎಂಬ ಹೆದರಿಕೆ. ಸಂಜೆ ಬರಬೇಕಾದ ಕಂಪನಿ ಗಾಡಿಗಳು ಇನ್ನೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಬಸ್ಸಿಲ್ಲ, ಆಟೊ ಇಲ್ಲ. ನೂರಾರು ಹೆಂಗಸರನ್ನು ಹೆದ್ದಾರಿಗೆ ಬಿಟ್ಟು ಒಳಗಿನಿಂದ ಗೇಟು ಹಾಕಿಕೊಂಡರು. ಏಳು ತಿಂಗಳ ಬಸುರಿಯೊಬ್ಬಳು ಟಾಯ್ಲೆಟ್ಟಿಗೆ ಹೋಗಬೇಕು, ಒಳಗೆ ಬಿಡಿ ಎಂದು ವಾಚ್‌ಮನ್‌ನನ್ನು ಬೇಡಿಕೊಂಡಳು. "ಮೇಲಿಂದ ಆರ್ಡರ್ ಐತೆ ಕನವ್ವ, ನಾನೇನ್ ಮಾಡ್ಲಿ" ಎಂದ. ಅವನ ಕಣ್ಣಲ್ಲೂ ನೀರಿತ್ತು. ನಾವು ನಾಲ್ಕೈದು ಜನ ಸೀರೆ ಸೆರಗು ಹಿಡಿದು ಕಬ್ಬಿನ ಗದ್ದೆ ಬದುವಿನಲ್ಲಿ ಅವಳಿಗೆ ಮರೆ ಮಾಡಿದೆವು. ಆಮೇಲೆ ಟಯರು ಉರಿಯುವ ಕಡೆ ತಪ್ಪಿಸಿಕೊಂಡು ಹಳ್ಳಿ ದಾರಿಗಳಲ್ಲಿ ನಡೆದು ಊರು ಸೇರುವಾಗ ಕತ್ತಲಾಗಿತ್ತು. ದಾರಿಯಲ್ಲಿ ಪ್ರತಿ ಊರಿನ ಬಳಿಯೂ ಒಂದಷ್ಟು ಜನ ಕಳಚಿಕೊಳ್ಳುತ್ತಾ ಹೋದರು. ಕೊನೆಯ ಊರಿನ ಹುಡುಗಿ ಒಬ್ಬಳೇ ಉಳಿದಳು. ಅವಳನ್ನು ನಮ್ಮ ಮನೆಯಲ್ಲೇ ಮಲಗಿಸಿಕೊಂಡೆ.

ಆ ಕೊನೆಯ ಊರಿನ ಹುಡುಗಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆ ಇರುವುದು ಹೆದ್ದಾರಿಯಲ್ಲಿ, ಕೆಲಸಗಾರರು ಇರುವುದು ಅರಕೆರೆ, ಮಹದೇವಪುರ, ಚಿನಕುರಳಿ, ಕ್ಯಾತನಹಳ್ಳಿ ಅಂಥ ಕಡೆ. ಗಾಡಿ ಒಂದೊಂದೇ ಊರು ಮುಗಿಸುತ್ತಾ ಹೋದ ಹಾಗೆ ಕೊನೆಗೆ ಒಬ್ಬಳು, ಒಬ್ಬ ಡ್ರೈವರ್, ಒಂದು ಖಾಲಿ ರಸ್ತೆ ಉಳಿಯುತ್ತದೆ. ಹಗಲು ಪಾಳಿ ಹೊತ್ತಿಗೆ ಸರಿಯಾಗಿ ಬಿಟ್ಟರೆ ಬೆಳಕಿರುತ್ತದೆ, ಮೇವಿನ ಹೊರೆ ಹೊತ್ತವರು, ದನ ಹೊಡೆದುಕೊಂಡು ಬರುವವರು ಯಾರಾದರೂ ಎದುರಾಗುತ್ತಾರೆ. ಬಂದ್ ದಿನ, ಮಳೆ ದಿನ, ರಸ್ತೆ ಮುಚ್ಚಿದ ದಿನ ಇವೆಲ್ಲ ಇರುವುದಿಲ್ಲ. ಹೆಂಗಸರ ರಾತ್ರಿ ಪಾಳಿಗೆ ಸರ್ಕಾರ 2019ರ ನವೆಂಬರ್‌ನಲ್ಲಿ ಅನುಮತಿ ಕೊಟ್ಟಾಗ ಒಪ್ಪಿಗೆ ಇರಬೇಕು, ಕಂಪನಿಯೇ ಸಾರಿಗೆ ಕೊಡಬೇಕು, ಭದ್ರತೆ ಇರಬೇಕು ಎಂದು ಷರತ್ತು ಹಾಕಿತು. ಒಳ್ಳೆಯದೇ ಆಯಿತು. ಆದರೆ ಹಗಲು ಪಾಳಿಗೆ ಬಂದವಳಿಗೆ ಗಲಾಟೆಯಿಂದಾಗಿ ದಾರಿಯಲ್ಲೇ ರಾತ್ರಿಯಾದರೆ ಆ ಷರತ್ತುಗಳನ್ನು ಯಾರೂ ಎತ್ತುವುದಿಲ್ಲ. ಅವಳು ಪಂಚ್ ಔಟ್ ಮಾಡಿ ಹೋಗಿದ್ದಾಳೆ, ಅಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯಿತು ಎನ್ನುತ್ತಾರೆ.

ಈಗ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಆದ ಮೇಲೆ ಇನ್ನೊಂದು ತೊಂದರೆ ಸೇರಿಕೊಂಡಿದೆ. 2023ರ ಆಗಸ್ಟ್ 1ರಿಂದ ಬೈಕು, ಆಟೊ ಮುಖ್ಯ ರಸ್ತೆಗೆ ಹೋಗುವ ಹಾಗಿಲ್ಲ. ಕರೆದುಕೊಂಡು ಹೋಗಲು ಬರುವ ಗಂಡ, ತಮ್ಮ, ಮಗ ಎಲ್ಲರೂ ಸರ್ವೀಸ್ ರಸ್ತೆಯಲ್ಲೇ ಬರಬೇಕು. ಅಲ್ಲಿ ಎಷ್ಟೋ ಕಡೆ ದೀಪವಿಲ್ಲ. ಜೋರು ಮಳೆ ಬಂದರೆ ಅಂಡರ್‌ಪಾಸಿನಲ್ಲಿ ನೀರು. ಇದು ಹೆದ್ದಾರಿಯವರ ವಿಷಯ, ಗಾರ್ಮೆಂಟ್ಸಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರು ಒಂದು ಸಂಜೆ ಅಲ್ಲಿ ಬಂದು ನಮ್ಮ ಜೊತೆ ನಿಂತು ನೋಡಬೇಕು.

ಶಾಲೆಗೆ ರಜೆ ಕೊಡುವ ಬಗ್ಗೆಯೂ ಒಂದು ಮಾತು. 2023ರ ಸೆಪ್ಟೆಂಬರ್ 29ರ ಕರ್ನಾಟಕ ಬಂದ್ ಇರಲಿ, ಮಳೆಗಾಲದ ಕೆಂಪು ಎಚ್ಚರಿಕೆ ಇರಲಿ, ಶಾಲಾ ಕಾಲೇಜುಗಳಿಗೆ ರಜೆ ಎಂದು ಆದೇಶ ಬರುತ್ತದೆ. ಅದರಲ್ಲಿ ಕಾರ್ಖಾನೆಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮಕ್ಕಳು ಮನೆಯಲ್ಲಿ, ತಾಯಿ ಡ್ಯೂಟಿಯಲ್ಲಿ. ಮಗುವನ್ನು ನೋಡಿಕೊಳ್ಳಲು ಅತ್ತೆ ಇರುವವಳು ಬರುತ್ತಾಳೆ, ಇಲ್ಲದವಳು ಉಳಿಯುತ್ತಾಳೆ. ಉಳಿದವಳಿಗೆ ಆ ದಿನದ ಸಂಬಳದ ಜೊತೆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ಇದು ಸಣ್ಣ ವಿಷಯ ಎಂದು ಕಾಣಬಹುದು. ನಮ್ಮಲ್ಲಿ ಗ್ಯಾಸ್ ಸಿಲಿಂಡರಿಗೆ ದುಡ್ಡು ಬರುವುದು ಆ ಬೋನಸ್ಸಿನಿಂದ.

ಕೊರೊನಾ ಕಾಲದ್ದನ್ನು ಬರೆಯುವಾಗ ಕೈ ಭಾರವಾಗುತ್ತದೆ. ಆದರೂ ಬರೆಯಲೇಬೇಕು, ಯಾಕೆಂದರೆ ಎಲ್ಲರೂ ಅದನ್ನು ಮರೆಯುತ್ತಿದ್ದಾರೆ. 2020ರ ಮಾರ್ಚ್ 24ರ ರಾತ್ರಿ ದೇಶ ಮುಚ್ಚಿತು. ಮೇ ತಿಂಗಳಲ್ಲಿ ಕಾರ್ಖಾನೆ ತೆರೆದಾಗ ಸರ್ಕಾರಿ ಬಸ್ಸಿಗೆ 30 ಜನ ಮಾತ್ರ ಎಂಬ ನಿಯಮವಿತ್ತು. ರಾತ್ರಿ 7ರಿಂದ ಬೆಳಿಗ್ಗೆ 7ರವರೆಗೆ ಓಡಾಟವೇ ಇಲ್ಲ. ಅದೇ ಮೇ 22ರಂದು ರಾಜ್ಯ ಸರ್ಕಾರ ಕಾರ್ಖಾನೆಗಳ ಕೆಲಸದ ಹೊತ್ತನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಏರಿಸಿ ಅಧಿಸೂಚನೆ ಹೊರಡಿಸಿತು. ನೀವೇ ಲೆಕ್ಕ ಹಾಕಿ. ಬೆಳಿಗ್ಗೆ ಒಂಬತ್ತಕ್ಕೆ ಮೆಷಿನ್ ಮುಂದೆ ಕೂತವಳು ಹತ್ತು ಗಂಟೆ ಕೆಲಸ, ಅದರ ಮೇಲೆ ಊಟದ ಬಿಡುವೂ ಮುಗಿಸಿ ಏಳುವಾಗ ಸಂಜೆ ಏಳು ದಾಟಿರುತ್ತದೆ. ಹೊರಗೆ ಕರ್ಫ್ಯೂ. ಅವಳು ಯಾವ ಗಾಡಿಯಲ್ಲಿ ಮನೆಗೆ ಹೋಗಬೇಕು? ಹೈಕೋರ್ಟಿನಲ್ಲಿ ಪ್ರಶ್ನೆ ಬಂದ ಮೇಲೆ ಜೂನ್‌ನಲ್ಲಿ ಆ ಅಧಿಸೂಚನೆ ವಾಪಸ್ ಹೋಯಿತು. ಅದನ್ನು ತಯಾರಿಸುವಾಗ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಒಬ್ಬ ಹೆಂಗಸನ್ನು ಕೇಳಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದಳು.

ಆ ದಿನಗಳಲ್ಲಿ ಕೆಲಸ ಉಳಿದದ್ದು ಯಾರಿಗೆ ಗೊತ್ತೇ? ಮನೆಯಲ್ಲಿ ಬೈಕ್ ಇದ್ದು, ಅದನ್ನು ಓಡಿಸಿ ಕರೆತರುವ ಗಂಡಸು ಇದ್ದವರಿಗೆ. ಗಂಡ ಸತ್ತವರು, ಬಿಟ್ಟುಹೋದವರು, ಮದುವೆಯಾಗದೆ ತಾಯಿಯನ್ನು ಸಾಕುತ್ತಿದ್ದವರು, ಅಂದರೆ ಆ ಸಂಬಳ ಯಾರಿಗೆ ಅನ್ನವೋ ಅವರೇ ಮೊದಲು ಹೊರಗುಳಿದರು. ಮಕ್ಕಳನ್ನು ಬಿಡುವ ಕ್ರಷ್ ಸೋಂಕಿನ ಭಯಕ್ಕೆ ಮುಚ್ಚಿತ್ತು, ಎಳೆ ಮಕ್ಕಳ ತಾಯಂದಿರೂ ಉಳಿದರು. ಕೆಲವು ವಾರ ಬರದಿದ್ದವರನ್ನು ತಾವೇ ಕೆಲಸ ಬಿಟ್ಟರು ಎಂದು ಬರೆದುಕೊಂಡರು. ಹಿರಿಯರ ಸಲಹೆಯಂತೆ ಹೆಂಗಸರು ಮನೆಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಯಾರೂ ಹೊರಗೆ ಮಾತಾಡದ ಸಂಗತಿ. ಆರ್ಡರ್ ಕಮ್ಮಿ ಇದ್ದುದರಿಂದ ಎಲ್ಲರನ್ನೂ ಒಟ್ಟಿಗೆ ಕರೆಯುತ್ತಿರಲಿಲ್ಲ. ಈ ವಾರ ಯಾರು ಬರಬೇಕು ಎಂಬುದು ಸೂಪರ್‌ವೈಸರ್ ಫೋನಿನಲ್ಲಿ ತೀರ್ಮಾನವಾಗುತ್ತಿತ್ತು. ಬೋರ್ಡಿನಲ್ಲಿ ಪಟ್ಟಿ ಇಲ್ಲ, ಕಾಗದ ಇಲ್ಲ. ಒಬ್ಬ ಹುಡುಗಿಗೆ ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಬರುತ್ತದೆ, "ನಾಳೆ ಬರ್ತೀಯಾ?" ಉತ್ತರ ಕೊಟ್ಟರೆ ಅದರ ಹಿಂದೆ ಇನ್ನೊಂದು, "ಮಲಗಿಲ್ವಾ ಇನ್ನೂ?" ಅದರ ಹಿಂದೆ ಫೋಟೊ ಕಳಿಸು ಎಂಬ ಮಾತು. ಮಾಮೂಲಿ ಕಾಲದಲ್ಲಿ ಆ ಹುಡುಗಿ ಬ್ಲಾಕ್ ಮಾಡಿ ಮರುದಿನ ನಮಗೆ ತೋರಿಸುತ್ತಿದ್ದಳು. ಆಗ ಬ್ಲಾಕ್ ಮಾಡಿದರೆ ಕೆಲಸವೇ ಹೋಗುತ್ತದೆ. ಅವಳು ದೂರು ಕೊಡಲು ಯಾರ ಬಳಿ ಹೋಗಬೇಕು? ಸಮಿತಿಯ ಅಧ್ಯಕ್ಷೆ ಎಚ್‌ಆರ್ ಮೇಡಂ ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದರು, ಹೊರಗಿನ ಸದಸ್ಯೆ ಬರುವಂತಿಲ್ಲ, ನನ್ನನ್ನೂ ಕೆಲಸಕ್ಕೆ ಕರೆದಿರಲಿಲ್ಲ. ದೂರು ಕೊಡಲು ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮೂರು ತಿಂಗಳ ಅವಧಿ ಇದೆ, ಕಾರಣ ಸರಿಯಾಗಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಈ ಮಾತು ಅವಳಿಗೆ ಗೊತ್ತಿರಲಿಲ್ಲ. ಅವಳು ನಮ್ಮ ಬಳಿ ಬಾಯಿ ಬಿಟ್ಟದ್ದು ಅವಧಿ ಎಲ್ಲ ಮುಗಿದ ಮೇಲೆ. ಈಗ ಅವಳು ಮೈಸೂರಿನಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ.

ಅದಕ್ಕೇ ನಾನು ಹೇಳುವುದು, ಕಷ್ಟ ಕಾಲದಲ್ಲಿ ಹೆಂಗಸರ ಸುರಕ್ಷತೆ ಎಂದರೆ ಸಿಸಿಟಿವಿ ಕ್ಯಾಮೆರಾ, ಗೇಟಿನಲ್ಲಿ ಗಾರ್ಡು ಮಾತ್ರ ಅಲ್ಲ. ಕೆಲಸಕ್ಕೆ ಯಾರನ್ನು ಕರೆಯುತ್ತಾರೆ, ಯಾವ ಆಧಾರದ ಮೇಲೆ ಕರೆಯುತ್ತಾರೆ ಎಂಬುದು ಒಬ್ಬ ಗಂಡಸಿನ ಫೋನಿನಲ್ಲಿ ಇರಬಾರದು. ಕೆಲಸಗಾರರನ್ನು ತೆಗೆಯುವಾಗ ಕೊನೆಗೆ ಸೇರಿದವರು ಮೊದಲು ಹೋಗಬೇಕು, ಮತ್ತೆ ತೆಗೆದುಕೊಳ್ಳುವಾಗ ಹಳಬರಿಗೆ ಮೊದಲ ಅವಕಾಶ ಕೊಡಬೇಕು ಎಂಬ ನಿಯಮ ಕೈಗಾರಿಕಾ ಕಾನೂನಿನಲ್ಲಿ ಹಿಂದಿನಿಂದಲೂ ಇದೆ. ವಾರದ ಪಾಳಿಗೂ ಅದೇ ನ್ಯಾಯ ಹಾಕಲಿ. ಸೇವಾ ಹಿರಿತನದ ಪ್ರಕಾರ ಸರದಿ ಪಟ್ಟಿ ಮಾಡಿ ಗೇಟಿನ ಬೋರ್ಡಿಗೆ ಅಂಟಿಸಲಿ. ಬೋರ್ಡಿನಲ್ಲಿ ಹೆಸರಿದ್ದವಳಿಗೆ ರಾತ್ರಿ ಹತ್ತು ಗಂಟೆಗೆ ಯಾರಿಗೂ ಉತ್ತರ ಕೊಡುವ ಅಗತ್ಯ ಬೀಳುವುದಿಲ್ಲ.

ಅದೇ 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ಸ್ ಮುಚ್ಚಿದ್ದು ನಿಮ್ಮ ಓದುಗರಿಗೆ ನೆನಪಿರಬಹುದು. ಸುಮಾರು 1,200 ಕೆಲಸಗಾರರು, ಬಹುಪಾಲು ಹೆಂಗಸರು. ಮೆಷಿನ್‌ಗಳನ್ನು ಸಾಗಿಸುತ್ತಿದ್ದಾರೆ ಎಂದು ಗೊತ್ತಾಗಿ ಅವರು ಕಾರ್ಖಾನೆ ಮುಂದೆಯೇ ಕೂತರು. ವಾರಗಟ್ಟಲೆ ಕೂತರು. ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಾರ್ಖಾನೆಯಲ್ಲಿ ಲೇ ಆಫ್ ಮಾಡಬೇಕಾದರೆ, ಅಂದರೆ ಕೆಲಸವಿಲ್ಲ ಎಂದು ಸ್ವಲ್ಪ ಕಾಲ ಹೊರಗಿಡಬೇಕಾದರೆ, ಕಾರ್ಖಾನೆ ಮುಚ್ಚಬೇಕಾದರೆ ಸರ್ಕಾರದ ಅನುಮತಿ ಮೊದಲೇ ಬೇಕು ಎಂದು ಆಗಿನ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳುತ್ತಿತ್ತು. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿದೆ. ಅಂದರೆ ನಮ್ಮ ತಾಲ್ಲೂಕುಗಳ ಸಣ್ಣ ಕಾರ್ಖಾನೆಗಳ ಹೆಂಗಸರಿಗೆ ಇದ್ದ ಒಂದು ತಡೆಗೋಡೆಯೂ ಹೋಯಿತು. ನಾನು ಆ ಕಾರ್ಖಾನೆಯವಳಲ್ಲ, ಆದರೆ ಒಂದು ಭಾನುವಾರ ಮಜ್ಜಿಗೆ ಪಾತ್ರೆ ಹೊತ್ತು ಹೋಗಿದ್ದೆ. ಅಲ್ಲಿ ಕೂತಿದ್ದವರಲ್ಲಿ ಒಬ್ಬರು ನನ್ನ ತಾಯಿಯ ವಯಸ್ಸಿನವರು. "ಅವ್ವಾ, ಮುಚ್ತೀವಿ ಅಂತ ಒಂದ್ ಮಾತ್ ಮುಂಚೆ ಏಳಿದ್ರೆ ಆಗ್ತಿರ್ನಿಲ್ವಾ? ನಾವೇನ್ ಮನುಷ್ಯರಲ್ವಾ?" ಎಂದು ಕೇಳಿದರು. ಕಾರ್ಮಿಕರ ಸಂಘ ಬಿಡದೆ ಹೋರಾಡಿ 2021ರ ಫೆಬ್ರುವರಿ ಹೊತ್ತಿಗೆ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಒಪ್ಪಂದ ಆಯಿತು. ಸಂಘ ಇದ್ದುದರಿಂದ ಆಯಿತು. ಇಲ್ಲದ ಕಡೆ ಯಾರಿಗೂ ಗೊತ್ತಾಗದೆ ಬಾಗಿಲು ಹಾಕಿಕೊಂಡವು ಎಷ್ಟೋ.

ನಮ್ಮಲ್ಲಿ ಮತ್ತೆ ಎಲ್ಲರನ್ನೂ ಕರೆದ ಮೇಲೆ ಒಂದು ಪ್ರಕರಣ ಸಮಿತಿಗೆ ಬಂತು. ಹಳೆಯ ಗಾಡಿಗಳ ಗುತ್ತಿಗೆ ಮುರಿದುಬಿದ್ದು, ಯಾರೋ ಏಜೆಂಟ್ ಕಡೆಯಿಂದ ಅವಸರಕ್ಕೆ ಟೆಂಪೊ ಟ್ರಾವೆಲರ್‌ಗಳನ್ನು ಹಿಡಿದಿದ್ದರು. ಅದರಲ್ಲಿ ಒಬ್ಬ ಡ್ರೈವರ್ ಕೊನೆಯ ಸ್ಟಾಪಿನ ಹುಡುಗಿಗೆ ಮುಂದಿನ ಸೀಟಿಗೆ ಬಾ ಎಂದು ಕಾಡಲು ಶುರು ಮಾಡಿದ. ಒಂದು ಸಂಜೆ ಊರಿನ ತಿರುವಿನಲ್ಲಿ ಗಾಡಿ ನಿಲ್ಲಿಸಲೇ ಇಲ್ಲ, ಮುಂದೆ ಹೋದ. ಅವಳು ಕಿಟಕಿಯಿಂದ ಕೂಗಿಕೊಂಡದ್ದಕ್ಕೆ ಪಂಪ್‌ಸೆಟ್ ಹತ್ತಿರ ಇದ್ದವರು ಓಡಿ ಬಂದರು. ದೂರು ಬಂದಾಗ ಆಫೀಸಿನವರ ಮೊದಲ ಮಾತು, ಅವನು ನಮ್ಮ ನೌಕರನಲ್ಲ, ಗಾಡಿ ನಮ್ಮದಲ್ಲ, ಆದದ್ದು ಕಾರ್ಖಾನೆ ಒಳಗಲ್ಲ. ನಾನು ತರಬೇತಿಯಲ್ಲಿ ಕೊಟ್ಟ ಪುಸ್ತಕ ತೆಗೆದು ಓದಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರದು. ಮಾಲೀಕರು ಒದಗಿಸಿದ ವಾಹನವೂ ಅದರ ಪ್ರಕಾರ ಕೆಲಸದ ಸ್ಥಳವೇ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಹೆಣ್ಣುಮಗಳೊಬ್ಬಳನ್ನು ರಾತ್ರಿ ಪಾಳಿಗೆ ಕರೆದೊಯ್ಯಲು ಬಂದ ಕ್ಯಾಬ್ ಚಾಲಕನೇ ಅತ್ಯಾಚಾರ ಮಾಡಿ ಕೊಂದ. ಅಂಥವನ್ನೆಲ್ಲ ಕಂಡ ಮೇಲೆ ಬಂದ ಕಾನೂನು ಇದು. ಗಾಡಿ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಲ್ಲ, ಅದನ್ನು ಕಳಿಸಿದವರು ಯಾರು ಎಂಬುದು ಮುಖ್ಯ. ಕೊನೆಗೆ ಆ ಡ್ರೈವರ್‌ನನ್ನು ತೆಗೆಸಿದರು, ಪೊಲೀಸರಿಗೂ ದೂರು ಹೋಯಿತು. ಆ ಹುಡುಗಿ ಈಗಲೂ ನಮ್ಮ ಲೈನಿನಲ್ಲಿ ತೋಳು ಕೂರಿಸುತ್ತಾಳೆ. ಕಾಯ್ದೆಯ ಆ ಒಂದು ಸಾಲು ನನಗೆ ಗೊತ್ತಿದ್ದುದರಿಂದ ಅವಳ ಕೆಲಸ ಉಳಿಯಿತು. ಪ್ರತಿ ಗಾಡಿಯಲ್ಲೂ ಅದನ್ನು ದಪ್ಪಕ್ಷರದಲ್ಲಿ ಬರೆಸಿ ಅಂಟಿಸಿದರೆ ಎಷ್ಟು ಖರ್ಚಾದೀತು?

ಹೆಂಗಸರನ್ನು ಒಳಗೆ ಕೂರಿಸಿದರೆ ಕ್ಷೇಮ ಎಂಬ ಯೋಚನೆ ಹಿರಿಯರೊಬ್ಬರದೇ ಅಲ್ಲ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ಲಲಿತಾದ್ರಿಪುರದ ಹತ್ತಿರ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ ಮೈಸೂರು ವಿಶ್ವವಿದ್ಯಾನಿಲಯ ಮೊದಲು ಮಾಡಿದ್ದೇನು? ಸಂಜೆ 6.30ರ ನಂತರ ತನ್ನ ಮಾನಸಗಂಗೋತ್ರಿ ಆವರಣದಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದು ಎಂದು ಸುತ್ತೋಲೆ ಹೊರಡಿಸಿತು. ಎಲ್ಲ ಕಡೆಯಿಂದ ವಿರೋಧ ಬಂದ ಮೇಲೆ ಹಿಂದೆ ತೆಗೆದುಕೊಂಡಿತು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆಯನ್ನು ಕೊಂದ ಮೇಲೆ ಅಲ್ಲಿನ ಸರ್ಕಾರವೂ ಆದಷ್ಟು ಮಟ್ಟಿಗೆ ಹೆಂಗಸರಿಗೆ ರಾತ್ರಿ ಡ್ಯೂಟಿ ತಪ್ಪಿಸಿ ಎಂದಿತು. ರಕ್ಷಣೆ ಕೊಡುವುದು ನಿಮ್ಮ ಕೆಲಸ, ಹೆಂಗಸರು ರಾತ್ರಿ ದುಡಿಯಬಾರದು ಎಂದು ನೀವು ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ತರಾಟೆಗೆ ತೆಗೆದುಕೊಂಡಿತು. ನನಗೆ ಆ ಮಾತು ಬಹಳ ಸಮಾಧಾನ ಕೊಟ್ಟಿತು. ತಪ್ಪು ಮಾಡುವವನು ಬೀದಿಯಲ್ಲಿ ಸುತ್ತುತ್ತಿರುವಾಗ ನಾವು ಮಾತ್ರ ಒಳಗೆ ಸೇರಿಕೊಳ್ಳಬೇಕು ಎಂದರೆ ಅದು ನಮಗೆ ಶಿಕ್ಷೆಯೇ.

ಹಾಗಾದರೆ ಏನು ಮಾಡಬಹುದು ಎಂದು ಕೇಳುವವರಿಗೆ ನಮ್ಮಲ್ಲೇ ನಡೆದದ್ದನ್ನು ಹೇಳುತ್ತೇನೆ. 2024ರ ಜುಲೈ ಕೊನೆಯಲ್ಲಿ ಕೆಆರ್‌ಎಸ್ ತುಂಬಿ ಹೊರಹರಿವು ಲಕ್ಷ ಕ್ಯುಸೆಕ್ ದಾಟಿತು. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಮೇಲೆ ಓಡಾಟ ನಿಲ್ಲಿಸಿದರು. ಆಗ ಹೊಸದಾಗಿ ಬಂದಿದ್ದ ನಮ್ಮ ಫ್ಯಾಕ್ಟರಿ ಮ್ಯಾನೇಜರ್ ಮೊದಲ ಬಾರಿಗೆ ನಮ್ಮಲ್ಲಿ ಕೆಲವರನ್ನು ಆಫೀಸಿಗೆ ಕರೆಸಿ, ಕುರ್ಚಿ ಕೊಟ್ಟು, "ನೀವೇ ಹೇಳಿ ಅಮ್ಮಾ, ಹೇಗೆ ಮಾಡೋಣ" ಎಂದರು. ಯಾವ ಊರಿಗೆ ಯಾವ ರಸ್ತೆ ಇದೆ, ಯಾವ ಹಳ್ಳದಲ್ಲಿ ನೀರು ಬರುತ್ತದೆ, ಯಾವ ತಿರುವಿನಲ್ಲಿ ದೀಪವಿಲ್ಲ ಎಂಬುದು ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ, ನಮ್ಮ ತಲೆಯಲ್ಲಿತ್ತು. ಬಿಳಿ ಹಾಳೆಯ ಮೇಲೆ ಗಾಡಿಗಳ ದಾರಿ ಬರೆದೆವು. ಗಂಜಾಂ ಕಡೆಯವರನ್ನು ಹೆದ್ದಾರಿ ಸೇತುವೆ ಮೇಲೆ ಸುತ್ತಿಸಿದೆವು. ಪ್ರತಿ ಗಾಡಿಯ ಕೊನೆಯ ಸ್ಟಾಪಿನಲ್ಲಿ ಇಬ್ಬರು ಇಳಿಯಲೇಬೇಕು ಎಂದು ಮಾಡಿದೆವು. ಒಬ್ಬಳೇ ಇದ್ದ ಊರಿಗೆ ಗಾಡಿಯನ್ನು ಮೊದಲು ಕಳಿಸಿ, ಜನ ಹೆಚ್ಚಿರುವ ಊರನ್ನು ಕೊನೆಗೆ ಇಟ್ಟೆವು. ಇದರಿಂದ ಒಂದೆರಡು ಗಾಡಿ ಸ್ವಲ್ಪ ಸುತ್ತಿ ಹೋಗಬೇಕಾಯಿತು, ಡೀಸೆಲ್ ಹೆಚ್ಚಾಯಿತು. ಮನೆ ಸೇರಿದವರು ಗ್ರೂಪಿಗೆ "ಸೇರಿದೆ" ಎಂದು ಹಾಕಬೇಕು, ಎಲ್ಲರೂ ಹಾಕುವವರೆಗೆ ಟೈಮ್ ಆಫೀಸಿನ ಒಬ್ಬರು ಮನೆಗೆ ಹೋಗುವಂತಿಲ್ಲ. ಒಂದು ಸಂಜೆ ಅರಕೆರೆ ಕಡೆಯ ಗಾಡಿ ಕೆಟ್ಟು ನಿಂತಾಗ ಹತ್ತು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಯಿತು, ಬೇರೆ ಗಾಡಿ ಹೋಯಿತು. ಆ ಇಡೀ ನೆರೆಯಲ್ಲಿ ಯಾರೂ ಕೆಲಸ ಕಳೆದುಕೊಳ್ಳಲಿಲ್ಲ, ಯಾರೂ ಕತ್ತಲಲ್ಲಿ ರಸ್ತೆಯಲ್ಲಿ ಒಬ್ಬಳೇ ನಿಲ್ಲಲಿಲ್ಲ. ಲೈನಿನ ಪ್ರೊಡಕ್ಷನ್ ಕೂಡ ಅಷ್ಟೇನೂ ಇಳಿಯಲಿಲ್ಲ. ಆ ಮ್ಯಾನೇಜರ್ ಬೇರೆ ಯೂನಿಟ್ಟಿಗೆ ವರ್ಗವಾಗಿ ಹೋದರು. ಹಾಳೆ ನಮ್ಮಲ್ಲೇ ಇದೆ, ಆದರೆ ಅದು ಒಬ್ಬ ಒಳ್ಳೆಯ ಮನುಷ್ಯನ ಮೇಲೆ ನಿಂತ ವ್ಯವಸ್ಥೆ. ಅವರ ಜಾಗಕ್ಕೆ ಬಂದವರು ಕೇಳದೆ ಹೋದರೆ ಮತ್ತೆ 2016ರ ಗೇಟೇ.

ಆದ್ದರಿಂದ ಇದು ಜಿಲ್ಲೆಯ ಮಟ್ಟದಲ್ಲಿ ನಿಯಮವಾಗಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ ಒಂದು ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಜೊತೆಗೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲಾ ಪಂಚಾಯ್ತಿಯವರು, ಆರೋಗ್ಯ ಇಲಾಖೆಯವರು ಇರುತ್ತಾರೆ. ದುಡಿಯುವ ಹೆಂಗಸರ ಕಡೆಯವರು ಒಬ್ಬರಿರಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಆದರೆ ಸಲಹಾ ಸಮಿತಿ ಮಾಡಿಕೊಳ್ಳಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ, 2013ರ ಕಾಯ್ದೆಗೆ ಕಾದ ಹಾಗೆ ಹೊಸ ಕಾನೂನಿಗಾಗಿ ವರ್ಷಗಟ್ಟಲೆ ಕಾಯಬೇಕಿಲ್ಲ. ಮಂಡ್ಯ ಮತ್ತು ಮೈಸೂರು ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಗಾರ್ಮೆಂಟ್ಸ್‌ನವರು, ಪೌರಕಾರ್ಮಿಕರು, ಆಶಾ ಕಾರ್ಯಕರ್ತೆಯರು, ಆಸ್ಪತ್ರೆಯ ಆಯಾಗಳು, ಬಸ್ ಕಂಡಕ್ಟರ್ ಹೆಣ್ಣುಮಕ್ಕಳು, ಹೀಗೆ ಕಷ್ಟದ ದಿನದಲ್ಲೂ ರಸ್ತೆಗೆ ಇಳಿಯಲೇಬೇಕಾದವರನ್ನು ಅದರಲ್ಲಿ ಕೂರಿಸಬಹುದು. ಪ್ರತಿ ಕಾರ್ಖಾನೆಯೂ ನಮ್ಮ ಆ ಬಿಳಿ ಹಾಳೆಯಂಥದ್ದನ್ನು ಮುಂಗಾರಿಗೆ ಮುಂಚೆ ಬರೆದು ಕಾರ್ಮಿಕ ಇಲಾಖೆಗೆ ಕೊಡಲಿ. ವಾಹನ ಬಂದು ನಿಲ್ಲದೆ ಹೆಂಗಸರನ್ನು ಗೇಟಿನಿಂದ ಹೊರಗೆ ಬಿಡುವಂತಿಲ್ಲ ಎಂದು ಆದೇಶವಾಗಲಿ. ವಾಹನ ಬರುವವರೆಗೆ ಕ್ಯಾಂಟೀನ್, ಟಾಯ್ಲೆಟ್ ತೆರೆದಿರಲಿ. ಬಂದ್ ದಿನ ಪೊಲೀಸ್ ಬೆಂಗಾವಲಿನಲ್ಲಿ ನಾಲ್ಕು ಸರ್ಕಾರಿ ಬಸ್ ಬಿಟ್ಟರೂ ಸಾಕು, ನಮ್ಮ ಹೋರಾಟಗಾರರು ಹೆಂಗಸರ ಬಸ್ಸಿಗೆ ದಾರಿ ಬಿಡುತ್ತಾರೆ, ಅವರೂ ನಮ್ಮ ಅಣ್ಣತಮ್ಮಂದಿರೇ. ಶಾಲೆಗೆ ರಜೆ ಘೋಷಿಸುವ ಆದೇಶದಲ್ಲೇ, ಆ ದಿನ ಬರಲಾಗದ ತಾಯಂದಿರ ಹಾಜರಿ ಬೋನಸ್ ಕತ್ತರಿಸಬಾರದು ಎಂದು ಒಂದು ಸಾಲು ಸೇರಲಿ.

ನಾವು ದೊಡ್ಡ ಕಾರ್ಖಾನೆಯವರು, ನಮಗೆ ಸಮಿತಿಯಾದರೂ ಇದೆ. ಆಲೆಮನೆಯಲ್ಲಿ, ಅಕ್ಕಿ ಗಿರಣಿಯಲ್ಲಿ, ಹೆದ್ದಾರಿ ಹೋಟೆಲಿನ ಅಡುಗೆಮನೆಯಲ್ಲಿ ಮೂರು ನಾಲ್ಕು ಹೆಂಗಸರು ದುಡಿಯುತ್ತಾರೆ. ಮೈಸೂರಿನ ಬಡಾವಣೆಗಳಲ್ಲಿ ಮನೆಗೆಲಸಕ್ಕೆ ಹೋಗುವವರು ಸಾವಿರಾರು. ಹತ್ತು ಜನಕ್ಕಿಂತ ಕಮ್ಮಿ ಇರುವ ಕಡೆ, ಮನೆಗೆಲಸದವರಿಗೆ, ಮಾಲೀಕನ ಮೇಲೆಯೇ ದೂರು ಇದ್ದಾಗ, ಕಿರುಕುಳದ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿ ಕೇಳಬೇಕು ಎಂದು ಅದೇ 2013ರ ಕಾಯ್ದೆ ಹೇಳುತ್ತದೆ. ಪ್ರತಿ ತಾಲ್ಲೂಕಿನಲ್ಲೂ ಅದಕ್ಕೆ ಒಬ್ಬ ನೋಡಲ್ ಅಧಿಕಾರಿ ಇರಬೇಕು, ಬಂದ ದೂರನ್ನು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು. ಬರೆಯಲು ಬಾರದವಳಿಗೆ ಬರೆದುಕೊಡುವುದು ಸಮಿತಿಯದೇ ಕೆಲಸ. ಸಮಿತಿಗಳೆಲ್ಲ ನಿಜವಾಗಿ ಇವೆಯೇ ನೋಡಿ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಮತ್ತೆ ನಿರ್ದೇಶನ ಕೊಟ್ಟಿದೆ. ನಮ್ಮ ಊರಿನಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರನ್ನು ಕೇಳಿದೆ. ಇಂಥದ್ದೊಂದು ಇದೆ ಎಂದೇ ಯಾರಿಗೂ ಗೊತ್ತಿಲ್ಲ. ತಾಲ್ಲೂಕು ಕಚೇರಿ, ಪಂಚಾಯ್ತಿ, ರೇಷನ್ ಅಂಗಡಿ, ಬಸ್ ನಿಲ್ದಾಣದ ಹೆಂಗಸರ ಶೌಚಾಲಯ, ಇಷ್ಟು ಕಡೆ ಆ ಅಧಿಕಾರಿಯ ಫೋನ್ ನಂಬರ್ ಬರೆಸಬೇಕು.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. "ನಾಳೆ ಬಂದ್, ಏನಿರುತ್ತೆ, ಏನಿರಲ್ಲ" ಎಂದು ಮುಖಪುಟದಲ್ಲಿ ಪಟ್ಟಿ ಹಾಕುತ್ತೀರಿ. ಹಾಲು ಸಿಗುತ್ತದೆ, ಆಸ್ಪತ್ರೆ ತೆರೆದಿರುತ್ತದೆ, ಸಿನಿಮಾ ಇರುವುದಿಲ್ಲ. ಮುಂದಿನ ಸಲ ಅದೇ ಪಟ್ಟಿಯಲ್ಲಿ ಯಾವ ಕಾರ್ಖಾನೆಗಳು ನಡೆಯುತ್ತವೆ, ಅಲ್ಲಿನ ಹೆಂಗಸರಿಗೆ ವಾಹನ ಇದೆಯೇ ಎಂದು ವಿಚಾರಿಸಿ ಬರೆಯಿರಿ. ಅದರ ಕೆಳಗೆ ತುರ್ತು ಸಹಾಯದ 112, ಮಹಿಳಾ ಸಹಾಯವಾಣಿ 181, ಮತ್ತು ಎರಡೂ ಜಿಲ್ಲೆಗಳ ಸ್ಥಳೀಯ ಸಮಿತಿಯ ನಂಬರ್ ಹಾಕಿ. ನಮ್ಮ ಕ್ಯಾಂಟೀನಿಗೆ ನಿಮ್ಮ ಪತ್ರಿಕೆ ಬರುತ್ತದೆ. ಕತ್ತರಿಸಿ ಗೋಡೆಗೆ ಅಂಟಿಸುವ ಕೆಲಸ ನನ್ನದು.

ಇಂತಿ ವಂದನೆಗಳು,
ಗಾರ್ಮೆಂಟ್ಸ್ ಕೆಲಸಗಾರ್ತಿ, ಪಾಂಡವಪುರ ತಾಲ್ಲೂಕು
(ಕೆಲಸಕ್ಕೆ ತೊಂದರೆಯಾಗಬಾರದೆಂದು ಹೆಸರು ಪ್ರಕಟಿಸದಿರಲು ಕೋರಿದ್ದೇನೆ)